‘ವೆರಿ’ಯ ಹುಟ್ಟು ಮತ್ತು ನೆಲೆ: ಇಂಗ್ಲಿಷ್ ಗುಣವಾಚಕಗಳನ್ನು ವಿಶೇಷಿಸುವ ಪದಗಳ ಚರಿತ್ರೆ

‘ದ ಟೀ ಈಸ್ ವೆರಿ ಹಾಟ್’ ಎಂಬ ವಾಕ್ಯವನ್ನು ವಿವರಿಸಲು ಶಾಲಾವ್ಯಾಕರಣಕ್ಕೆ ಒಂದು ಸೂತ್ರ ಸಾಕು: ಕ್ರಿಯಾವಿಶೇಷಣವು ಕ್ರಿಯಾಪದವನ್ನು, ಗುಣವಾಚಕವನ್ನು ಅಥವಾ ಮತ್ತೊಂದು ಕ್ರಿಯಾವಿಶೇಷಣವನ್ನು ವಿಶೇಷಿಸುತ್ತದೆ. ಇದೇ ಸೂತ್ರವನ್ನು ನಂಬಿ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಯೊಬ್ಬ ‘ಐ ವೆರಿ ಲೈಕ್ ಇಟ್’ ಎಂದು ಬರೆದರೆ, ಅದು ಏಕೆ ತಪ್ಪೆಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ. ‘ವೆರಿ’ ನಿಜಕ್ಕೂ ಕ್ರಿಯಾವಿಶೇಷಣವಾಗಿದ್ದರೆ ಅದು ಕ್ರಿಯಾಪದವನ್ನೇ ಏಕೆ ಒಲ್ಲದು? ‘ಐ ರಿಯಲಿ ಲೈಕ್ ಇಟ್’ ಸರಿಯಾಗಿರುವಾಗ ‘ವೆರಿ’ಗೆ ಮಾತ್ರ ಈ ನಿರ್ಬಂಧವೇಕೆ? ಪದವೊಂದು ಯಾವ ನೆಲೆಯಲ್ಲಿ ಹುಟ್ಟಿತೋ ಆ ನೆಲೆಯೇ ಅದರ ಇಂದಿನ ವ್ಯಾಪ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಪ್ರಸ್ತುತ ಲೇಖನದಲ್ಲಿ ನಾವು ಮಂಡಿಸುವ ವಾದ.

ಗೊಂದಲದ ಬೇರು ಪಾರಿಭಾಷಿಕ ಪದದಲ್ಲೇ ಇದೆ. ಡಯೊನಿಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವ್ಯಾಕರಣವು ಈ ವರ್ಗವನ್ನು ಕ್ರಿಯಾಪದಕ್ಕೆ ಸೇರುವ, ರೂಪಭೇದವಿಲ್ಲದ ಪದವೆಂದು ನಿರೂಪಿಸಿತು. ಲ್ಯಾಟಿನ್ನಿನ ‘ಅಡ್ವರ್ಬಿಯುಂ’ ಆ ಗ್ರೀಕ್ ಪದದ ಅನುವಾದ. ನಮ್ಮ ‘ಕ್ರಿಯಾವಿಶೇಷಣ’ವೂ ಅದೇ ಅರ್ಥವನ್ನು ಹೊತ್ತಿದೆ. ಗುಣವಾಚಕವನ್ನು ವಿಶೇಷಿಸುವ ಪದಗಳು ಹೀಗೆ ಕ್ರಿಯೆಯ ಹೆಸರಿನ ಮನೆಯಲ್ಲಿ ಬಾಡಿಗೆದಾರರಾಗಿ ಸೇರಿಕೊಂಡವು. ಆಟೊ ಯೆಸ್ಪರ್ಸನ್ 1924ರ ‘ದ ಫಿಲಾಸಫಿ ಆಫ್ ಗ್ರಾಮರ್’ ಕೃತಿಯಲ್ಲಿ ಪದವರ್ಗಗಳಿಂದ ಪ್ರತ್ಯೇಕವಾದ ಮೂರು ಸ್ತರಗಳನ್ನು ಕಲ್ಪಿಸಿ, ಗುಣವಾಚಕವನ್ನು ವಿಶೇಷಿಸುವ ಪದಕ್ಕೆ ಮೂರನೆಯ ಸ್ತರವನ್ನು ಕೊಟ್ಟದ್ದು ಈ ಇಕ್ಕಟ್ಟನ್ನು ಸಡಿಲಿಸುವ ಒಂದು ಪ್ರಯತ್ನವಾಗಿತ್ತು.

ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ‘ಎ’ಕಾರವನ್ನು ಸೇರಿಸಿ ಕ್ರಿಯಾವಿಶೇಷಣವನ್ನು ಸಾಧಿಸಬಹುದಿತ್ತು. ‘ಗಟ್ಟಿಯಾದ’ ಎಂಬರ್ಥದ ‘ಹ್ಲೂದ್’ ಗುಣವಾಚಕವಾದರೆ ‘ಹ್ಲೂದೆ’ ಎಂದರೆ ‘ಗಟ್ಟಿಯಾಗಿ’. ಇದೇ ಕ್ರಮದಲ್ಲಿ ‘ಬಲವಾದ’ ಎಂಬರ್ಥದ ‘ಸ್ವೀಥ್’ನಿಂದ ‘ಸ್ವೀಥೆ’ ಸಿದ್ಧವಾಯಿತು. ಆ ಕಾಲದ ಪ್ರಮುಖ ತೀವ್ರತಾವಾಚಕ ಇದೇ. ಅದು ಗುಣವಾಚಕವನ್ನೂ ಕ್ರಿಯಾಪದವನ್ನೂ ಸಮಾನವಾಗಿ ವಿಶೇಷಿಸುತ್ತಿತ್ತೆಂಬುದು ಗಮನಾರ್ಹ. ಅದು ಮೊದಲು ಕ್ರಿಯಾವಿಶೇಷಣವಾಗಿ ರೂಪುಗೊಂಡು, ಅನಂತರ ತೀವ್ರತೆಯ ಸೂಚಕವಾಯಿತು.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಪದಾಂತ್ಯದ ‘ಎ’ಕಾರ ಲೋಪವಾದಾಗ ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ಇದ್ದ ರೂಪಭೇದ ಅಳಿಸಿಹೋಯಿತು. ‘ಹಾರ್ಡ್’, ‘ಫಾಸ್ಟ್’ ಮುಂತಾದವು ಇಂದಿಗೂ ಎರಡೂ ಕೆಲಸಗಳನ್ನು ಒಂದೇ ರೂಪದಲ್ಲಿ ಮಾಡುತ್ತಿರುವುದು ಈ ಲೋಪದ ಫಲ. ಮೂಲತಃ ‘ದೇಹ, ಆಕಾರ’ ಎಂಬರ್ಥದ ಪದದಿಂದ ಬಂದ ‘ಲಿ’ ಪ್ರತ್ಯಯವು ಭೇದವನ್ನು ಮತ್ತೆ ಸ್ಥಾಪಿಸಲು ವ್ಯಾಪಕವಾಗತೊಡಗಿತಾದರೂ ಎಲ್ಲ ಪದಗಳನ್ನೂ ಅದು ಆವರಿಸಲಿಲ್ಲ. ಇತ್ತ ‘ಸ್ವೀಥೆ’ 13ನೆಯ ಶತಮಾನದಲ್ಲಿ ಹಿಂದೆ ಸರಿಯಿತು. ‘ವೆಲ್’, ‘ಫುಲ್’, ‘ರೈಟ್’ ಒಂದಾದ ಮೇಲೊಂದರಂತೆ ಅದರ ಸ್ಥಾನಕ್ಕೆ ಬಂದವು.

‘ವೆರಿ’ಯ ದಾರಿ ಇವುಗಳಿಗಿಂತ ಭಿನ್ನ. ‘ಸತ್ಯವಾದ, ನಿಜವಾದ’ ಎಂಬರ್ಥದ ಫ್ರೆಂಚ್ ಗುಣವಾಚಕವಾಗಿ ಅದು ಇಂಗ್ಲಿಷಿಗೆ ಬಂದಿತು. ‘ದ ವೆರಿ ಮ್ಯಾನ್’ ಎಂಬಂಥ ಪ್ರಯೋಗದಲ್ಲಿ ಆ ಗುಣವಾಚಕತ್ವ ಇಂದಿಗೂ ಉಳಿದಿದೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದು ಮತ್ತೊಂದು ಗುಣವಾಚಕದೊಡನೆ ನಾಮಪದದ ಎಡಕ್ಕೆ ನಿಂತಾಗ ಸಂದಿಗ್ಧತೆ ಉಂಟಾಯಿತು. ‘ಎ ವೆರಿ ಟ್ರೂ ಮ್ಯಾನ್’ ಎಂಬ ಮಾದರಿಯನ್ನು ನೋಡೋಣ. ಇದನ್ನು ‘ನಿಜವಾದ, ನಿಷ್ಠಾವಂತ ಮನುಷ್ಯ’ ಎಂದು ಎರಡು ಸಮಾನ ಗುಣವಾಚಕಗಳಾಗಿ ಬಿಡಿಸಬಹುದು. ‘ಬಹಳ ನಿಷ್ಠಾವಂತನಾದ ಮನುಷ್ಯ’ ಎಂದು ಒಂದು ಗುಣವಾಚಕ ಪದಪುಂಜವಾಗಿಯೂ ಬಿಡಿಸಬಹುದು. ಎರಡನೆಯ ವಿಶ್ಲೇಷಣೆ ನೆಲೆಗೊಂಡ ಮೇಲೆ ‘ಹೀ ಈಸ್ ವೆರಿ ಟ್ರೂ’ ಎಂಬ ರಚನೆ ಸಾಧ್ಯವಾಯಿತು. ಇಲ್ಲಿ ನಾಮಪದವೇ ಇಲ್ಲದ ಕಾರಣ ‘ವೆರಿ’ಗೆ ಗುಣವಾಚಕವನ್ನು ವಿಶೇಷಿಸುವ ಕೆಲಸ ಮಾತ್ರ ಉಳಿಯುತ್ತದೆ. 16ನೆಯ ಶತಮಾನದ ಹೊತ್ತಿಗೆ ಈ ಪ್ರಯೋಗ ಸರ್ವಸಾಮಾನ್ಯವಾಗಿತ್ತು. ‘ಸತ್ಯ’ದ ಅರ್ಥ ಮಾಸಿ ಪ್ರಮಾಣದ ಅರ್ಥ ಉಳಿದಿತ್ತು.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ‘ವೆರಿ’ ನಾಮಪದ ಪದಪುಂಜದೊಳಗೆ, ಗುಣವಾಚಕದ ನೆರೆಯಲ್ಲಿ ಹುಟ್ಟಿತು. ಕ್ರಿಯಾಪದದ ಸಂಗವನ್ನು ಅದು ಪಡೆಯಲೇ ಇಲ್ಲ. ಕ್ರಿಯಾಪದವನ್ನು ಸೇರಬೇಕಾದರೆ ‘ವೆರಿ ಮಚ್’ ಎಂದು ಮಧ್ಯವರ್ತಿಯನ್ನು ಕರೆತರಬೇಕಾಗುತ್ತದೆ. ‘ರಿಯಲಿ’ಯಾದರೋ ವಾಕ್ಯವನ್ನೂ ಕ್ರಿಯೆಯನ್ನೂ ವಿಶೇಷಿಸುತ್ತಿದ್ದ ಪದ, ಗುಣವಾಚಕಕ್ಕೆ ಅದು ಅನಂತರ ವಿಸ್ತರಿಸಿತು. ‘ವೆರಿ’ಯ ಈ ನಿರ್ಬಂಧ ವ್ಯಾಕರಣಕಾರರಿಗೆ ಒಂದು ಪರೀಕ್ಷಾಸಾಧನವೂ ಆಗಿದೆ. ‘ವೆರಿ ಟೈರ್ಡ್’ ನಿರಾತಂಕವಾಗಿ ಸಲ್ಲುತ್ತದೆ. ‘ವೆರಿ ಬಿಲ್ಟ್’ ಸಲ್ಲದು. ಯಾವ ಕೃದಂತ ಪೂರ್ಣ ಗುಣವಾಚಕವಾಗಿದೆ, ಯಾವುದು ಇನ್ನೂ ಕ್ರಿಯಾರೂಪವಾಗಿಯೇ ಇದೆ ಎಂಬುದನ್ನು ‘ವೆರಿ’ ತೋರಿಸಿಕೊಡುತ್ತದೆ.

18ನೆಯ ಶತಮಾನದ ಶಿಷ್ಟೀಕರಣ ಈ ಚರಿತ್ರೆಯನ್ನು ಮರೆಮಾಡಿತು. ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ತಮ್ಮ ವ್ಯಾಕರಣದಲ್ಲಿ, ಗುಣವಾಚಕವನ್ನು ಕ್ರಿಯಾವಿಶೇಷಣದ ಸ್ಥಾನದಲ್ಲಿ ಬಳಸುವುದು ಭಾಷೆಯ ಸ್ವಭಾವಕ್ಕೆ ಒಗ್ಗದೆಂದು ಆಕ್ಷೇಪಿಸಿದರು. ಷೇಕ್ಸ್‌ಪಿಯರ್, ಡ್ರೈಡನ್ ಮೊದಲಾದವರ ಪ್ರಯೋಗಗಳನ್ನೂ ದೋಷಗಳ ಸಾಲಿಗೆ ಸೇರಿಸಿದರು. ‘ಎಕ್ಸ್‌ಟ್ರೀಮ್’ ಹೋಗಿ ‘ಎಕ್ಸ್‌ಟ್ರೀಮ್ಲಿ’ ಶಿಷ್ಟವಾಯಿತು. ಆದರೆ ಅದೇ ದಾರಿಯಲ್ಲಿ ನಡೆದು ಬಂದ ‘ವೆರಿ’ ಮತ್ತು ‘ಪ್ರೆಟಿ’ ಆಗಲೇ ಬೇರುಬಿಟ್ಟಿದ್ದರಿಂದ ಅವುಗಳಿಗೆ ‘ಲಿ’ ಪ್ರತ್ಯಯದ ಬೇಡಿಕೆ ಬರಲಿಲ್ಲ. ಅಮೆರಿಕದ ಆಡುಮಾತಿನ ‘ರಿಯಲ್ ಗುಡ್’ ಇಂದು ದೋಷವೆನಿಸಿಕೊಂಡಿದೆ. ರಚನೆಯ ದೃಷ್ಟಿಯಿಂದ ಅದಕ್ಕೂ ‘ವೆರಿ ಗುಡ್’ಗೂ ಭೇದವಿಲ್ಲ, ಎರಡರಲ್ಲಿಯೂ ‘ನಿಜ’ವೆಂಬರ್ಥದ ಗುಣವಾಚಕವೇ ತೀವ್ರತಾವಾಚಕವಾಗಿದೆ. ಒಂದು ಬೇಗ ಬಂದಿತು, ಮತ್ತೊಂದು ತಡವಾಗಿ ಬಂದಿತು, ಅಷ್ಟೆ.

ಈ ಚಲನೆ ಇನ್ನೂ ನಿಂತಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಮಾತನ್ನು ಆಧರಿಸಿ ಇಟೊ ಮತ್ತು ಟಾಲಿಯಾಮಾಂಟೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯರ ಒಲವು ‘ವೆರಿ’ಯ ಕಡೆಗೂ ಕಿರಿಯರ ಒಲವು ‘ರಿಯಲಿ’ಯ ಕಡೆಗೂ ಕಂಡುಬಂದಿತು. ಅದೇ ಊರಿನ ಮಾತಿನಲ್ಲಿ ಮಧ್ಯಕಾಲೀನ ‘ವೆಲ್’, ‘ರೈಟ್’ಗಳೂ ಜೀವಂತವಾಗಿದ್ದವು. ಹೊಸ ಪದ ಬಂದಾಗ ಹಳೆಯದು ಅಳಿಯಲೇಬೇಕಿಲ್ಲ. ಪದರಗಳು ಒಂದರ ಮೇಲೊಂದು ಉಳಿಯುತ್ತವೆ.

ಕನ್ನಡದ ಓದುಗರಿಗೆ ಇದು ಅಪರಿಚಿತ ವಿದ್ಯಮಾನವಲ್ಲ. ‘ತುಂಬು’ ಧಾತುವಿಗೆ ಸಂಬಂಧಿಸಿದ ‘ತುಂಬ’ ಪದವು ಇಂಗ್ಲಿಷಿನ ‘ಫುಲ್’ ನಡೆದ ಅರ್ಥಮಾರ್ಗದಲ್ಲೇ ನಡೆದಿದೆ. ಆದರೆ ನಾವು ‘ತುಂಬ ಒಳ್ಳೆಯದು’ ಎನ್ನುವಂತೆ ‘ತುಂಬ ಇಷ್ಟಪಡುತ್ತೇನೆ’ ಎಂದೂ ಹೇಳುತ್ತೇವೆ. ಕನ್ನಡದ ಈ ವಿಶಾಲ ವ್ಯಾಪ್ತಿಯನ್ನೇ ವಿದ್ಯಾರ್ಥಿ ‘ವೆರಿ’ಗೂ ಆರೋಪಿಸಿದರೆ ಅದನ್ನು ಅಜ್ಞಾನವೆನ್ನಲಾಗದು; ಶಾಲಾಸೂತ್ರವೂ ಅದಕ್ಕೆ ಅನುಮತಿ ಕೊಟ್ಟಂತೆಯೇ ಇದೆ. ಆದ್ದರಿಂದ ತೀವ್ರತಾವಾಚಕಗಳನ್ನು ಕ್ರಿಯಾವಿಶೇಷಣದ ಉದಾಹರಣೆಗಳ ಪಟ್ಟಿಯಲ್ಲಿ ಬೆರೆಸದೆ, ಪ್ರತಿಯೊಂದಕ್ಕೂ ಅದರ ವ್ಯಾಪ್ತಿಯನ್ನು ಗುರುತಿಸಿ ಬೇರೆಯಾಗಿಯೇ ಕಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ವರ್ಗದ ಹೆಸರು ಹೇಳದ ಸಂಗತಿಯನ್ನು ಪದದ ಚರಿತ್ರೆ ಹೇಳುತ್ತದೆ.