ನಾಲ್ಕು ಸಂಸ್ಕಾರಕ, ಒಂದೇ ದಾರಿ: ಚಿತ್ರ ತಿದ್ದುವ ತಂತ್ರಾಂಶಗಳ ಇತಿಹಾಸ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಇಲ್ಲಿನ ಲಕ್ಷ್ಮೀದೇವಿ ದೇವಾಲಯ ವಿಷ್ಣುವರ್ಧನನ ಕಾಲದ್ದು. 1113-14ರ ಸುಮಾರಿಗೆ ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ ಕಟ್ಟಿಸಿದ್ದು. ಒಂದೇ ಮಂಟಪದ ಸುತ್ತ ನಾಲ್ಕು ಗರ್ಭಗುಡಿಗಳಿರುವುದರಿಂದ ಇದು ಚತುಷ್ಕೂಟ. 2020ರ ನವೆಂಬರ್‌ನಲ್ಲಿ ಇಲ್ಲಿನ ಕಾಳಿಯ ವಿಗ್ರಹ ಒಡೆದಿರುವುದು ಕಂಡುಬಂದಿತು. ಇಂಥ ಹೊತ್ತಿನಲ್ಲಿ ಶಿಲ್ಪ ಮೊದಲು ಹೇಗಿತ್ತೆಂದು ಹೇಳಬಲ್ಲ ಸಾಕ್ಷಿ ಹಳೆಯ ಛಾಯಾಚಿತ್ರವೇ. ಆದರೆ ಆ ಸಾಕ್ಷಿ ನಿಲ್ಲಬೇಕಾದರೆ ಚಿತ್ರದಲ್ಲಿ ಉಳಿಯ ಗುರುತೂ ಕಾಣಬೇಕು. ಅಂದರೆ ಚಿತ್ರ ದೊಡ್ಡದಾಗಿರಬೇಕು.

ಎಷ್ಟು ದೊಡ್ಡದು? 2.4 ಕೋಟಿ ಬಿಂದುಗಳ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಪ್ರತಿ ಬಿಂದುವಿಗೆ ಮೂರು ಬಣ್ಣ, ಪ್ರತಿ ಬಣ್ಣಕ್ಕೆ ಎರಡು ಬೈಟ್. ಒಟ್ಟು 144 ಮೆಗಾಬೈಟ್. ಗರ್ಭಗುಡಿಯೊಳಗೆ ಬೆಳಕು ಕಡಿಮೆ. ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ ತೆಗೆದ ಇಪ್ಪತ್ತು ಚಿತ್ರಗಳನ್ನು ಹೊಲಿಯಬೇಕೆಂದರೆ ಸುಮಾರು 2.9 ಗಿಗಾಬೈಟ್. ಇಂಥ ಕೆಲಸಕ್ಕೆ ಗಣಕ ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, 'ಎಷ್ಟು ಕೋರ್ ಇದೆ?' ಎಂಬುದು. ಎರಡರ ಬದಲು ನಾಲ್ಕಿದ್ದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆಂಬ ಎಣಿಕೆ. ಈ ತಂತ್ರಾಂಶಗಳ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಥಾಮಸ್ ನಾಲ್ ಮತ್ತು ಜಾನ್ ನಾಲ್ ಸಹೋದರರ ಫೋಟೋಶಾಪ್ ಅನ್ನು ಅಡೋಬಿ ಕಂಪನಿ ಹೊರತಂದದ್ದು 1990ರ ಫೆಬ್ರವರಿಯಲ್ಲಿ. ಆಗಿನ ಮೆಕಿಂತಾಷ್ ಗಣಕಗಳಲ್ಲಿದ್ದ ಸ್ಮೃತಿ ಕೆಲವೇ ಮೆಗಾಬೈಟ್. ಸ್ಕ್ಯಾನ್ ಮಾಡಿದ ಒಳ್ಳೆಯ ಚಿತ್ರವೊಂದು ಅದರಲ್ಲಿ ಹಿಡಿಸುತ್ತಲೇ ಇರಲಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಬೇಕಾದವನ್ನು ಮಾತ್ರ ಸ್ಮೃತಿಯಲ್ಲಿಟ್ಟುಕೊಂಡು ಉಳಿದವನ್ನು ಡಿಸ್ಕ್‌ಗೆ ತಳ್ಳುವುದು. ಮೊದಲ ಆವೃತ್ತಿಯ ಮೂಲ ಕ್ರಮವಿಧಿಯನ್ನು ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2013ರಲ್ಲಿ ಬಹಿರಂಗಪಡಿಸಿತು. ಸುಮಾರು 1,28,000 ಸಾಲುಗಳು, ಬಹುಪಾಲು ಪಾಸ್ಕಲ್ ಭಾಷೆಯಲ್ಲಿ. ಸ್ಮೃತಿಯ ನಿರ್ವಹಣೆಗೇ ಅದರಲ್ಲೊಂದು ಪ್ರತ್ಯೇಕ ಭಾಗವಿದೆ. ಹಲವು ಸಂಸ್ಕಾರಕಗಳ ಮಾತು ಆಗಿನ್ನೂ ಬಂದಿರಲಿಲ್ಲ.

ಹಲವು ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ವಿದ್ಯೆ ಹುಟ್ಟಿದ್ದು ಚಿತ್ರಗಳಿಗಾಗಿ ಅಲ್ಲ. ನಮ್ಮ ಬೆಂಗಳೂರಿನಲ್ಲೇ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ಕಟ್ಟಿತು. ಉದ್ದೇಶ, ಗಾಳಿ-ನೀರಿನ ಹರಿವಿನ ಸಮೀಕರಣಗಳನ್ನು ಬಿಡಿಸುವುದು. ಪುಣೆಯ ಸಿ-ಡ್ಯಾಕ್‌ನ ಪರಮ್ 8000 ಬಂದದ್ದು 1991ರಲ್ಲಿ. ಪರಮ್‌ನ ಪ್ರತಿ ಸಂಸ್ಕಾರಕಕ್ಕೂ ತನ್ನದೇ ಸ್ಮೃತಿಯಿತ್ತು. ಬೇರೆಯವರ ಬಳಿ ಇರುವ ಅಂಕಿ ಬೇಕಾದರೆ ಸಂದೇಶ ಕಳಿಸಿ ತರಿಸಿಕೊಳ್ಳಬೇಕು. ಮೇಜಿನ ಮೇಲಿನ ಗಣಕದಲ್ಲಿ ಹಾಗಿಲ್ಲ. ಅಲ್ಲಿ ಎಲ್ಲ ಸಂಸ್ಕಾರಕಗಳಿಗೂ ಒಂದೇ ಸ್ಮೃತಿ, ಅದಕ್ಕೆ ಒಂದೇ ದಾರಿ.

ದೊಡ್ಡಗದ್ದವಳ್ಳಿಯ ನಾಲ್ಕು ಗರ್ಭಗುಡಿಗಳಲ್ಲಿ ನಾಲ್ವರು ಶಿಲ್ಪಿಗಳು ಕೂತಿದ್ದಾರೆಂದುಕೊಳ್ಳಿ. ಬಳಪದ ಕಲ್ಲು ತರಲು ಇರುವುದು ಒಂದೇ ಗಾಡಿ. ಕಲ್ಲೊಂದಕ್ಕೆ ವಾರಗಟ್ಟಲೆ ಕುಸುರಿ ಮಾಡುವುದಿದ್ದರೆ ನಾಲ್ವರಿಗೂ ಕೈತುಂಬ ಕೆಲಸ. ಒಂದೊಂದು ಪೆಟ್ಟು ಕೊಟ್ಟು ಕಲ್ಲನ್ನು ಹಿಂದಕ್ಕೆ ಕಳಿಸುವುದಾದರೆ? ಮೂವರು ಗಾಡಿಯ ದಾರಿ ನೋಡುತ್ತ ಕೂರಬೇಕಾಗುತ್ತದೆ. ಚಿತ್ರದ ಹೊಳಪು ಹೆಚ್ಚಿಸುವುದು ಈ ಎರಡನೆಯ ಬಗೆ: ಪ್ರತಿ ಸಂಖ್ಯೆಯನ್ನೂ ಓದು, ಒಂದಿಷ್ಟು ಕೂಡು, ಹಿಂದಕ್ಕೆ ಬರೆ. ಸೆಕೆಂಡಿಗೆ 10 ಗಿಗಾಬೈಟ್ ಸಾಗಿಸುವ ದಾರಿಯಲ್ಲಿ ನಮ್ಮ 144 ಮೆಗಾಬೈಟ್ ಹೋಗಿ ಬರಲು ಸುಮಾರು 0.03 ಸೆಕೆಂಡು ಬೇಕು. ಸಂಸ್ಕಾರಕ ನಾಲ್ಕಿರಲಿ, ನಲವತ್ತಿರಲಿ, ಅದಕ್ಕಿಂತ ಬೇಗ ಆಗದು. ಆದರೆ ಅಗಲವಾಗಿ ಮಸುಕುಗೊಳಿಸುವಾಗ ಪ್ರತಿ ಬಿಂದುವಿಗೂ ನೆರೆಯ ನೂರಾರು ಬಿಂದುಗಳ ಲೆಕ್ಕ ಬೇಕು. ಅದು ಕುಸುರಿ ಕೆಲಸ. ಅಲ್ಲಿ ಕೋರ್‌ಗಳು ನಿಜವಾಗಿ ನೆರವಾಗುತ್ತವೆ.

ಇನ್ನೊಂದು ಮಿತಿಯನ್ನು 1967ರಲ್ಲೇ ಜೀನ್ ಆಮ್ಡಾಲ್ ತೋರಿಸಿದ್ದರು. ಕೆಲಸದ ಹತ್ತನೆಯ ಒಂದು ಭಾಗವನ್ನು ಹಂಚಲಾಗದಿದ್ದರೆ ನಾಲ್ಕು ಸಂಸ್ಕಾರಕಗಳಿಂದ ಸಿಗುವ ವೇಗ ನಾಲ್ಕು ಪಟ್ಟಲ್ಲ, ಸುಮಾರು ಮೂರು ಪಟ್ಟು. ಸಂಸ್ಕಾರಕ ಎಷ್ಟೇ ಸೇರಿಸಿದರೂ ಹತ್ತು ಪಟ್ಟನ್ನು ದಾಟದು.

1995ರ ಹೊತ್ತಿಗೆ ಡೇಸ್ಟಾರ್ ಕಂಪನಿ ನಾಲ್ಕರವರೆಗೆ ಸಂಸ್ಕಾರಕಗಳಿದ್ದ ಮೆಕಿಂತಾಷ್ ಮಾದರಿಯ ಗಣಕಗಳನ್ನು ಮಾರಿತು. ಫೋಟೋಶಾಪ್ ಬಳಸುವವರೇ ಅದರ ಮುಖ್ಯ ಗಿರಾಕಿಗಳು. ಡಿಸ್ಕ್‌ಗಾಗಿ ಮಾಡಿದ್ದ ಚೌಕಗಳು ಈಗ ಹಂಚಿಕೆಗೂ ಒದಗಿದವು: ಒಂದೊಂದು ಸಂಸ್ಕಾರಕಕ್ಕೆ ಒಂದೊಂದು ಚೌಕ. ಜನಸಾಮಾನ್ಯರ ಗಣಕಕ್ಕೆ ಎರಡು ಕೋರ್ ಬಂದದ್ದು 2005ರಲ್ಲಿ. ಇದರ ಹಿಂದಿರುವುದು ಭೌತವಿಜ್ಞಾನ. ಚಿಪ್ಪಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗ ಮತ್ತು ಆವೃತ್ತಿಗಳ ಗುಣಲಬ್ಧಕ್ಕೆ ಅನುಪಾತವಾಗಿರುತ್ತದೆ; ಆವೃತ್ತಿ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಶಾಖ ತಡೆಯಲಾಗದೆ ತಯಾರಕರು ವೇಗ ಬಿಟ್ಟು ಸಂಖ್ಯೆಯತ್ತ ತಿರುಗಿದರು.

ಆಗ ಸ್ಮೃತಿಯ ಗೋಡೆ ಎದುರಾಯಿತು. 32 ಬಿಟ್ ವಿಳಾಸದಿಂದ ಮುಟ್ಟಬಹುದಾದದ್ದು 4 ಗಿಗಾಬೈಟ್ ಮಾತ್ರ. ವಿಂಡೋಸ್‌ನಲ್ಲಿ ಒಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದುದು ಅದರ ಅರ್ಧ. ನಮ್ಮ ಇಪ್ಪತ್ತು ಚಿತ್ರಗಳು ಅಲ್ಲಿ ಹಿಡಿಸವು. ಫೋಟೋಶಾಪ್ 64 ಬಿಟ್‌ಗೆ ದಾಟಿದ್ದು ವಿಂಡೋಸ್‌ನಲ್ಲಿ 2008ರಲ್ಲಿ, ಮೆಕಿಂತಾಷ್‌ನಲ್ಲಿ 2010ರಲ್ಲಿ. ನನ್ನ ಮಟ್ಟಿಗೆ ಕೋರ್‌ಗಳ ಎಲ್ಲ ಜಾಹೀರಾತುಗಳಿಗಿಂತ ಇದು ದೊಡ್ಡ ಹೆಜ್ಜೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ ಹಲವು ಕೋರ್‌ಗಳನ್ನು ವ್ಯಾಪಕವಾಗಿ ಬಳಸತೊಡಗಿದ್ದು 2018ರ 2.10 ಆವೃತ್ತಿಯಿಂದ.

ಸ್ಮೃತಿಯಿಂದ ಒಂದು ಸಂಖ್ಯೆ ತರಲು ಸುಮಾರು 100 ನ್ಯಾನೋಸೆಕೆಂಡು. ತಿರುಗುವ ಹಾರ್ಡ್‌ಡಿಸ್ಕ್‌ನಿಂದಾದರೆ ಸುಮಾರು 10 ಮಿಲಿಸೆಕೆಂಡು. ಅಂದರೆ ಒಂದು ಲಕ್ಷ ಪಟ್ಟು. ಚಿತ್ರ ಸ್ಮೃತಿಯಿಂದ ಹೊರಚೆಲ್ಲಿದರೆ ಕೋರ್‌ಗಳೆಲ್ಲ ಸುಮ್ಮನೆ ಕೂರಬೇಕಾಗುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಫೋಟೋಶಾಪ್ ಕಿಟಕಿಯ ಕೆಳಪಟ್ಟಿಯಲ್ಲಿ 'ಎಫಿಶಿಯನ್ಸಿ' ಎಂಬ ಸೂಚಕವನ್ನು ಆರಿಸಿಕೊಳ್ಳಿ. ಅದು 100ಕ್ಕಿಂತ ಕೆಳಗಿಳಿದರೆ ತಂತ್ರಾಂಶ ಡಿಸ್ಕ್‌ಗೆ ಓಡಾಡುತ್ತಿದೆ ಎಂದರ್ಥ. ಆ ಗಣಕಕ್ಕೆ ಬೇಕಾಗಿರುವುದು ಹೊಸ ಸಂಸ್ಕಾರಕವಲ್ಲ, ಇನ್ನೊಂದು ಸ್ಮೃತಿಯ ಪಟ್ಟಿ.