ಹೈಬರ್ನೇಟ್: ಕಾಣೆಯಾಗುತ್ತಲೇ ಬಂದ ಒಂದು ಆಯ್ಕೆ

ರ್‍ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು, ಆಮೇಲೆ ಕರೆಂಟನ್ನು ಪೂರ್ತಿ ನಿಲ್ಲಿಸುವುದಕ್ಕೆ ಹೈಬರ್ನೇಟ್ ಎನ್ನುತ್ತಾರೆ. ಮತ್ತೆ ಆನ್ ಮಾಡಿದಾಗ ಡಿಸ್ಕಿನಲ್ಲಿದ್ದದ್ದು ರ್‍ಯಾಮ್‌ಗೆ ಮರಳುತ್ತದೆ. ತೆರೆದಿಟ್ಟ ಕಡತ, ಅರ್ಧ ಟೈಪು ಮಾಡಿದ ಸಾಲು ಎಲ್ಲವೂ ಬಿಟ್ಟಲ್ಲೇ ಸಿಗುತ್ತವೆ. 1950–60ರ ದಶಕಗಳ ಯಂತ್ರಗಳಿಗೆ ಇಂಥ ಏರ್ಪಾಡು ಅಷ್ಟಾಗಿ ಬೇಕಿರಲಿಲ್ಲ. ಅವುಗಳ ಸ್ಮೃತಿ ಕಾಂತೀಯ ಉಂಗುರಗಳಿಂದ ಮಾಡಿದ್ದು, ಕರೆಂಟು ಹೋದರೂ ಅದರಲ್ಲಿದ್ದದ್ದು ಅಳಿಯುತ್ತಿರಲಿಲ್ಲ. 1970ರಲ್ಲಿ ಇಂಟೆಲ್ ಕಂಪನಿಯ 1103 ಚಿಪ್ ಬಂದ ಮೇಲೆ ಅಗ್ಗದ ಡಿರ್‍ಯಾಮ್ ಎಲ್ಲೆಡೆ ಹರಡಿತು. ಸೆಕೆಂಡಿಗೆ ಹಲವು ಬಾರಿ ಪುನಃ ತುಂಬದಿದ್ದರೆ ಅದು ಎಲ್ಲವನ್ನೂ ಮರೆತುಬಿಡುತ್ತದೆ. ಹೈಬರ್ನೇಟ್ ಹುಟ್ಟಿದ್ದು ಈ ಮರೆವಿಗೆ ಪರಿಹಾರವಾಗಿ.

ಮೇಜಿನ ಮೇಲಿನ ಕಂಪ್ಯೂಟರಿಗಿಂತ ಲ್ಯಾಪ್‌ಟಾಪಿಗೆ ಅದು ಮೊದಲು ಬೇಕಾಯಿತು, ಕಾರಣ ಬ್ಯಾಟರಿ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕೂಡಿ ಎಪಿಎಂ ಎಂಬ ವಿದ್ಯುತ್ ನಿರ್ವಹಣೆಯ ನಿಯಮಾವಳಿ ತಂದವು. ಅದರಲ್ಲಿ ಯಜಮಾನಿಕೆ ಯಂತ್ರದ ಮೂಲ ತಂತ್ರಾಂಶವಾದ ಬಯಾಸ್‌ನದು; ಯಂತ್ರ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದರಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಮಾತು ಹೆಚ್ಚು ನಡೆಯುತ್ತಿರಲಿಲ್ಲ. ಡಿಸ್ಕಿಗೆ ಬರೆಯುವ ಕೆಲಸವೂ ಬಯಾಸ್‌ನದೇ ಆಗಿದ್ದರಿಂದ ಡಿಸ್ಕಿನಲ್ಲಿ ಅದಕ್ಕೆಂದೇ ಜಾಗ ಮೀಸಲಿಡಬೇಕಿತ್ತು. ಫೀನಿಕ್ಸ್ ಬಯಾಸ್ ಇದ್ದ ಲ್ಯಾಪ್‌ಟಾಪುಗಳಲ್ಲಿ ಪಿಎಚ್‌ಡಿಸ್ಕ್ ಎಂಬ ಪುಟ್ಟ ಡಾಸ್ ಪ್ರೋಗ್ರಾಮು ಆ ಜಾಗವನ್ನು ಪ್ರತ್ಯೇಕ ಪಾರ್ಟಿಶನ್ ಆಗಿಯೋ ಒಂದು ಕಡತವಾಗಿಯೋ ಮಾಡಿಕೊಡುತ್ತಿತ್ತು. ಡಿಸ್ಕ್ ಬದಲಿಸಿದವರು, ಹೊಸದಾಗಿ ಪಾರ್ಟಿಶನ್ ಮಾಡಿದವರು ಈ ಜಾಗವನ್ನು ಅರಿಯದೆ ಅಳಿಸಿಬಿಡುತ್ತಿದ್ದರು. ಅಲ್ಲಿಗೆ ಹೈಬರ್ನೇಟ್ ಮುಗಿಯಿತು. ರ್‍ಯಾಮ್ ಹೆಚ್ಚಿಸಿಕೊಂಡರೂ ಇದೇ ಪಾಡು: ಹಳೆಯ ಜಾಗ ಸಾಲದೆ ಪಿಎಚ್‌ಡಿಸ್ಕನ್ನು ಮತ್ತೆ ಓಡಿಸಬೇಕಾಗುತ್ತಿತ್ತು.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಎಸಿಪಿಐ ನಿಯಮಾವಳಿಯನ್ನು ಪ್ರಕಟಿಸಿದಾಗ ಯಜಮಾನಿಕೆ ಕೈಬದಲಾಯಿತು. ಬಯಾಸ್ ಈಗ ಯಂತ್ರಕ್ಕೆ ಏನೇನು ಸಾಧ್ಯ ಎಂದು ತಿಳಿಸಬೇಕು, ಆಪರೇಟಿಂಗ್ ಸಿಸ್ಟಮ್ ತೀರ್ಮಾನಿಸಬೇಕು. ಎಚ್ಚರದ ಎಸ್0ಯಿಂದ ಪೂರ್ತಿ ಆಫ್ ಆಗುವ ಎಸ್5ರವರೆಗೆ ಹಂತಗಳಿಗೆ ಹೆಸರು ಬಿತ್ತು. ಎಸ್3 ಎಂದರೆ ರ್‍ಯಾಮ್‌ಗೆ ಮಾತ್ರ ಕರೆಂಟು ಉಳಿಸುವ ಸ್ಲೀಪ್. ಎಸ್4 ಎಂದರೆ ಹೈಬರ್ನೇಟ್. ಇಂದಿಗೂ ನಡೆಯುತ್ತಿರುವುದು ಈ ಲೆಕ್ಕವೇ.

ಈ ವ್ಯವಸ್ಥೆಯ ಮೇಲೆ 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು. ಪವರ್ ಆಪ್ಷನ್ಸ್‌ನಲ್ಲಿ ಹೈಬರ್ನೇಟಿಗೆ ಒಂದು ಟ್ಯಾಬ್, ಅದರೊಳಗೆ ಟಿಕ್ ಹಾಕಲು ಒಂದು ಚೌಕ. ಟಿಕ್ ಹಾಕಿದರೆ ಸಿ ಡ್ರೈವಿನಲ್ಲಿ ಹೈಬರ್‌ಫಿಲ್.ಸಿಸ್ ಎಂಬ ಅಡಗಿದ ಕಡತ ರ್‍ಯಾಮ್‌ನಷ್ಟೇ ಗಾತ್ರದಲ್ಲಿ ಸೃಷ್ಟಿಯಾಗುತ್ತಿತ್ತು. ಯಂತ್ರ ಹೈಬರ್ನೇಟಿಗೆ ಒಪ್ಪದಿದ್ದರೆ ಆ ಟ್ಯಾಬೇ ತೋರುತ್ತಿರಲಿಲ್ಲ. ಏಕೆ ಇಲ್ಲ ಎಂದು ಹೇಳುವ ಬದಲು ಇಲ್ಲದ್ದನ್ನು ಮರೆಮಾಡುವ ಈ ರೂಢಿ ಬಳಕೆದಾರರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಸರಿಯಾದ ಗ್ರಾಫಿಕ್ಸ್ ಡ್ರೈವರ್ ಹಾಕದೆ ಸಾದಾ ವಿಜಿಎ ಡ್ರೈವರಿನಲ್ಲಿ ನಡೆಯುವ ಯಂತ್ರದಲ್ಲೂ ಟ್ಯಾಬ್ ಇರುತ್ತಿರಲಿಲ್ಲ. ಅಲ್ಲಿ ನೋಡುವವನಿಗೆ ಡ್ರೈವರಿನ ನೆನಪೇಕೆ ಬರಬೇಕು?

ವಿಂಡೋಸ್ ಎಕ್ಸ್‌ಪಿ ಈ ಮರೆಮಾಚುವಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಮನೆ ಕಂಪ್ಯೂಟರಿನಲ್ಲಿ ಟರ್ನ್ ಆಫ್ ಒತ್ತಿದರೆ ಬರುತ್ತಿದ್ದದ್ದು ಮೂರು ಬಣ್ಣದ ಗುಂಡಿಗಳು: ಸ್ಟ್ಯಾಂಡ್ ಬೈ, ಟರ್ನ್ ಆಫ್, ರೀಸ್ಟಾರ್ಟ್. ಶಿಫ್ಟ್ ಕೀ ಒತ್ತಿ ಹಿಡಿದರೆ ಮಾತ್ರ ಮೊದಲ ಗುಂಡಿಯ ಹೆಸರು ಹೈಬರ್ನೇಟ್ ಎಂದು ಬದಲಾಗುತ್ತಿತ್ತು. ಗೊತ್ತಿದ್ದವರಿಗೆ ಸರಿ, ಗೊತ್ತಿಲ್ಲದವರ ಮಟ್ಟಿಗೆ ಆ ಸೌಲಭ್ಯ ಇದ್ದೂ ಇಲ್ಲದಂತೆ. ಒಂದು ಜಿಬಿ ಅಥವಾ ಹೆಚ್ಚು ರ್‍ಯಾಮ್ ಇದ್ದ ಯಂತ್ರಗಳಲ್ಲಿ ಬೇರೊಂದು ದೋಷವೂ ಕಾಡಿತು. ಹೈಬರ್ನೇಟ್ ಒಮ್ಮೆ ವಿಫಲವಾದರೆ, ಸಂಪನ್ಮೂಲ ಸಾಲದು ಎಂಬ ಸಂದೇಶ ಬಂದು, ಯಂತ್ರವನ್ನು ಮತ್ತೆ ಬೂಟ್ ಮಾಡುವವರೆಗೂ ಆಯ್ಕೆ ಸಿಗುತ್ತಿರಲಿಲ್ಲ. ಮೈಕ್ರೋಸಾಫ್ಟ್ ಅದಕ್ಕೆ ಪ್ರತ್ಯೇಕ ತೇಪೆ ಕೊಡಬೇಕಾಯಿತು.

ವಿಂಡೋಸ್ ವಿಸ್ಟಾ ಕಾಲದ ಪ್ರಕರಣವಂತೂ ಮೈಕ್ರೋಸಾಫ್ಟ್ ತಾನೇ ಮಾಡಿಕೊಂಡ ಎಡವಟ್ಟು. ಡಿಸ್ಕ್ ಕ್ಲೀನಪ್ ಉಪಕರಣದ ಪಟ್ಟಿಯಲ್ಲಿ ತಾತ್ಕಾಲಿಕ ಕಡತ, ರೀಸೈಕಲ್ ಬಿನ್ ಇವುಗಳ ಸಾಲಿನಲ್ಲೇ ಹೈಬರ್ನೇಟ್ ಕಡತವನ್ನೂ ಅಳಿಸುವ ಆಯ್ಕೆ ಇತ್ತು. ಜಾಗ ಸಿಗುತ್ತದೆಂದು ಟಿಕ್ ಹಾಕಿದವರ ಮೆನುವಿನಿಂದ ಹೈಬರ್ನೇಟ್ ಮಾಯವಾಗುತ್ತಿತ್ತು. ಹಳೆಯ ಟಿಕ್ ಚೌಕವನ್ನೂ ವಿಸ್ಟಾದಲ್ಲಿ ತೆಗೆದುಹಾಕಿದ್ದರು. ಹೀಗಾಗಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆನ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡುವುದೇ ದಾರಿಯಾಯಿತು. ರಿಪೇರಿ ಮಾಡುವವರ ಬಾಯಲ್ಲಿ ಈ ಕಮಾಂಡ್ ಇಂದಿಗೂ ಉಳಿದಿದೆ.

2012ರ ಅಕ್ಟೋಬರ್ 26ರಂದು ಬಿಡುಗಡೆಯಾದ ವಿಂಡೋಸ್ 8 ಇದೇ ಕಡತಕ್ಕೆ ಇನ್ನೊಂದು ಕೆಲಸ ಹಚ್ಚಿತು. ಶಟ್‌ಡೌನ್ ಒತ್ತಿದಾಗ ಬಳಕೆದಾರರ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ಆದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಹೈಬರ್‌ಫಿಲ್.ಸಿಸ್‌ಗೆ ಹೋಗಿ ಕೂರುತ್ತದೆ. ಮರುದಿನ ಅವನ್ನು ಮೊದಲಿನಿಂದ ಎಬ್ಬಿಸುವ ಬದಲು ಕಡತದಿಂದ ಓದಿಕೊಂಡರಾಯಿತು. ಬೂಟ್ ಶೇ. 30ರಿಂದ 70ರಷ್ಟು ಬೇಗ ಆಗುತ್ತದೆ ಎಂದು 2011ರಲ್ಲೇ ಮೈಕ್ರೋಸಾಫ್ಟ್ ತನ್ನ ಪರೀಕ್ಷೆಗಳ ಆಧಾರದ ಮೇಲೆ ಹೇಳಿತ್ತು. ಇದೇ ಫಾಸ್ಟ್ ಸ್ಟಾರ್ಟಪ್. ಅದು ತಾನಾಗಿ ಆನ್ ಆಗಿರುತ್ತಿತ್ತು. ಪೂರ್ಣ ಹೈಬರ್ನೇಟನ್ನು ಮಾತ್ರ ಪವರ್ ಮೆನುವಿನಿಂದ ಒಳಗೆ ಸರಿಸಿದರು. ಎರಡೂ ಸಿಗುವ ಜಾಗ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದ ಕೆಳಭಾಗ. ಅಲ್ಲೂ ಚೌಕಗಳು ಮಂಕಾಗಿರುತ್ತವೆ. ಮೇಲಿರುವ, ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸುವ ಕೊಂಡಿಯನ್ನು ಒತ್ತಿ ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟ ಮೇಲಷ್ಟೇ ಅವು ಕೈಗೆ ಬರುತ್ತವೆ.

ವೇಗಕ್ಕೆ ಬೆಲೆಯೂ ಇತ್ತು. ದಿನವೂ ಶಟ್‌ಡೌನ್ ಮಾಡಿದರೂ ಟಾಸ್ಕ್ ಮ್ಯಾನೇಜರಿನಲ್ಲಿ ಯಂತ್ರ ದಿನಗಟ್ಟಲೆ ನಡೆಯುತ್ತಲೇ ಇದೆಯೆಂಬ ಲೆಕ್ಕ ಕಾಣುತ್ತದೆ, ಏಕೆಂದರೆ ಕರ್ನಲ್ ನಿಜಕ್ಕೂ ಮುಚ್ಚಿರುವುದಿಲ್ಲ. ಕರ್ನಲ್ ಹೊಸದಾಗಿ ಏಳಬೇಕಿದ್ದರೆ ರೀಸ್ಟಾರ್ಟ್ ಮಾಡಬೇಕು, ಇಲ್ಲವೇ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಬೇಕು. ಒಂದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇಟ್ಟುಕೊಂಡವರಿಗೆ ತೊಂದರೆ ಇನ್ನೂ ಹೆಚ್ಚು: ವಿಂಡೋಸ್ ಡ್ರೈವ್ ಅರೆನಿದ್ದೆಯಲ್ಲಿದೆ ಎಂದು ಕಂಡ ಲಿನಕ್ಸ್, ಕಡತ ಕೆಟ್ಟೀತೆಂದು ಅದರ ಮೇಲೆ ಬರೆಯಲು ನಿರಾಕರಿಸುತ್ತದೆ. ಬೇಸತ್ತವರು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟು ಹೈಬರ್ನೇಟನ್ನೇ ತೆಗೆಯುತ್ತಾರೆ. ಆಗ ಕಡತ ಅಳಿಯುತ್ತದೆ, ಅದನ್ನೇ ನೆಚ್ಚಿದ್ದ ಫಾಸ್ಟ್ ಸ್ಟಾರ್ಟಪ್ ಸಾಲೂ ಪುಟದಿಂದ ಇಲ್ಲವಾಗುತ್ತದೆ. ಎರಡೂ ಒಟ್ಟಿಗೆ ಕಾಣೆಯಾಗಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಹೈಬರ್ನೇಟ್ ಮಾತ್ರ ಇಲ್ಲ, ಫಾಸ್ಟ್ ಸ್ಟಾರ್ಟಪ್ ಇದೆ ಎಂದಾದರೆ ಕಾರಣ ಬೇರೆ. ವಿಂಡೋಸ್ 10ರಲ್ಲಿ ಕಡತಕ್ಕೆ ಎರಡು ಗಾತ್ರಗಳಿವೆ: ಪೂರ್ಣ ಬಗೆ ರ್‍ಯಾಮ್‌ನ ಶೇ. 40, ಕಿರಿದು ಶೇ. 20. ಹದಿನಾರು ಜಿಬಿ ಯಂತ್ರದಲ್ಲಿ ಪೂರ್ಣ ಕಡತವೇ 6.4 ಜಿಬಿ ತಿನ್ನುವುದರಿಂದ ಸಣ್ಣ ಎಸ್‌ಎಸ್‌ಡಿ ಇರುವಲ್ಲಿ ಕಿರಿದಾದ ಬಗೆ ಅನುಕೂಲ. ಆದರೆ ಅದರಲ್ಲಿ ಕರ್ನಲ್‌ಗೆ ಮಾತ್ರ ಜಾಗ, ಇಡೀ ರ್‍ಯಾಮ್‌ಗೆ ಅಲ್ಲ. ‘ಪವರ್‌ಸಿಎಫ್‌ಜಿ /ಎಚ್ /ಟೈಪ್ ಫುಲ್’ ಎಂದರೆ ಹೈಬರ್ನೇಟ್ ಮರಳುತ್ತದೆ.

ಇಷ್ಟೆಲ್ಲ ಊಹಿಸುವ ಬದಲು ‘ಪವರ್‌ಸಿಎಫ್‌ಜಿ /ಎ’ ಎಂದು ಕೇಳಿದರೆ ವಿಂಡೋಸ್ ತಾನೇ ಬಾಯಿಬಿಡುತ್ತದೆ. ಯಾವ ಹಂತ ಲಭ್ಯ, ಯಾವುದು ಇಲ್ಲ, ಇಲ್ಲದ್ದಕ್ಕೆ ಏನು ಕಾರಣ ಎಂಬ ಪಟ್ಟಿ ಬರುತ್ತದೆ: ಹೈಬರ್ನೇಟನ್ನು ಆನ್ ಮಾಡಿಲ್ಲ, ಫರ್ಮ್‌ವೇರ್ ಬೆಂಬಲವಿಲ್ಲ, ಹೈಪರ್‌ವೈಸರ್ ಬಿಡುತ್ತಿಲ್ಲ. ಆಂತರಿಕ ಘಟಕವೊಂದು ತಡೆದಿದೆ ಎಂದು ಹೇಳಿ ಕೆಳಗೆ ಗ್ರಾಫಿಕ್ಸ್ ಎಂದಿದ್ದರೆ, ವಿಂಡೋಸ್ 2000 ಕಾಲದ ವಿಜಿಎ ತಕರಾರೇ ಹೊಸ ವೇಷದಲ್ಲಿ ಬಂದಿದೆ. ತಯಾರಕರ ಡ್ರೈವರ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಚೇರಿಯ ಯಂತ್ರಗಳಲ್ಲಿ ಗ್ರೂಪ್ ಪಾಲಿಸಿಯೂ ಈ ಆಯ್ಕೆಗಳನ್ನು ಮರೆಮಾಡಬಲ್ಲದು. ಯುಇಎಫ್‌ಐ ಫರ್ಮ್‌ವೇರಿನ ಪರದೆಯಲ್ಲಿ ಕಾಣುವ ಫಾಸ್ಟ್ ಬೂಟ್ ಮಾತ್ರ ಫಾಸ್ಟ್ ಸ್ಟಾರ್ಟಪ್‌ಗೆ ಸಂಬಂಧವೇ ಇಲ್ಲದ ಸಂಗತಿ. ಅದು ಯುಎಸ್‌ಬಿ ಮುಂತಾದ ಆರಂಭಿಕ ತಪಾಸಣೆಗಳನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಲಿನಕ್ಸ್‌ನಲ್ಲೂ ಕಥೆ ಹೆಚ್ಚು ಬೇರೆಯಲ್ಲ. 2012ರ ಉಬುಂಟು 12.04 ಹೈಬರ್ನೇಟನ್ನು ಮೆನುವಿನಿಂದ ಕೈಬಿಟ್ಟಿತು, ಹಲವು ಯಂತ್ರಗಳಲ್ಲಿ ಅದನ್ನು ನಂಬುವಂತಿರಲಿಲ್ಲ. 2019ರಲ್ಲಿ ಕರ್ನಲ್ 5.4ರ ಜೊತೆ ಲಾಕ್‌ಡೌನ್ ವ್ಯವಸ್ಥೆ ಬಂತು. ಡಿಸ್ಕಿನಲ್ಲಿರುವ ಪ್ರತಿಯನ್ನು ಯಾರಾದರೂ ತಿದ್ದಿ ಕರ್ನಲ್‌ಗೆ ನುಸುಳಬಹುದೆಂಬ ಕಾರಣಕ್ಕೆ, ಸೆಕ್ಯೂರ್ ಬೂಟ್ ಆನ್ ಇದ್ದಾಗ ಲಾಕ್‌ಡೌನ್ ಹಾಕುವ ಲಿನಕ್ಸ್‌ಗಳಲ್ಲಿ ಹೈಬರ್ನೇಟ್ ನಡೆಯುವುದಿಲ್ಲ. ಇತ್ತ ಹೊಸ ಲ್ಯಾಪ್‌ಟಾಪುಗಳ ಫರ್ಮ್‌ವೇರಿನಿಂದ ಎಸ್3 ಸ್ಲೀಪ್ ಕೂಡ ಹೋಗುತ್ತಿದೆ. ಅದರ ಜಾಗದಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ, ಮೊಬೈಲಿನಂತೆ ಸದಾ ಅರೆಎಚ್ಚರ. ಮಲಗಿದ್ದಾಗಲೂ ಬ್ಯಾಟರಿ ಹೆಚ್ಚು ಕರಗಿದರೆ ಇಂಥ ಯಂತ್ರವೂ ಕೊನೆಗೆ ತಾನಾಗಿ ಹೈಬರ್ನೇಟಿಗೆ ಇಳಿಯುತ್ತದೆ, ಮೆನುವಿನಲ್ಲಿ ಆ ಹೆಸರು ಇರಲಿ, ಬಿಡಲಿ.