ದತ್ತು: ಕೊಟ್ಟವರು ಯಾರು?

ಮೈಸೂರಿನ ಮೃಗಾಲಯದಲ್ಲಿ ಆನೆಯನ್ನು ದತ್ತು ಪಡೆಯಬಹುದು, ನವಿಲನ್ನೂ ಪಡೆಯಬಹುದು. ಶಾಸಕರು ಶಾಲೆಯನ್ನು ದತ್ತು ಪಡೆಯುತ್ತಾರೆ, ಸಂಸದರು ಹಳ್ಳಿಯನ್ನು, ಕಂಪನಿಯವರು ಕೆರೆಯನ್ನು. ಒಂದು ವರ್ಷದ ಮೇವಿನ ದುಡ್ಡು ಕಟ್ಟಿದರೂ ಅದು ದತ್ತು. ಹಾಗೆಂದು ಆ ಆನೆ ಯಾರ ಜಮೀನಿಗೂ ವಾರಸುದಾರನಾಗುವುದಿಲ್ಲ. ಪದ ಇಷ್ಟು ಸಡಿಲವಾದದ್ದು ತೀರ ಈಚೆಗೆ. ಅದಕ್ಕೂ ಮೊದಲು ಈ ಎರಡಕ್ಷರಕ್ಕಾಗಿ ಮನೆಮನೆಗಳಲ್ಲಿ ವ್ಯಾಜ್ಯ ನಡೆದಿದೆ, ಸಂಸ್ಥಾನಗಳು ಅಳಿದಿವೆ, ಸಂಸತ್ತಿನಲ್ಲಿ ಮಸೂದೆಗಳು ಮೂಲೆ ಸೇರಿವೆ.

ಮೂಲ ಸಂಸ್ಕೃತದ ‘ದಾ’ ಧಾತು. ಅದರ ಕೃದಂತ ‘ದತ್ತ’, ಅಂದರೆ ಕೊಟ್ಟದ್ದು. ಉತ್ತರ ಕರ್ನಾಟಕದವರ ಬಾಯಲ್ಲಿ ಇಂದಿಗೂ ‘ದತ್ತಕ’ ಉಳಿದಿದೆ. ಉಕಾರ ಹಚ್ಚಿಕೊಂಡು ‘ದತ್ತು’ ಕನ್ನಡದ್ದೇ ಆಯಿತು. ‘ದತ್ತಿ’ ಅದರ ಒಡಹುಟ್ಟು. ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ, ಕೆರೆಗೆ, ಮಠಕ್ಕೆ ಬಿಟ್ಟ ಭೂಮಿ ದತ್ತಿ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಶಾಸನಗಳ ಕೊನೆಯಲ್ಲಿ ಬರುವುದು ಈ ದತ್ತಿಯ ಕಾವಲಿಗೆ. ಇಂದು ಧಾರ್ಮಿಕ ದತ್ತಿ ಇಲಾಖೆಯಲ್ಲೂ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸದಲ್ಲೂ ಇರುವುದು ಅದೇ ಪದ. ದತ್ತು, ದತ್ತಿ ಎರಡರಲ್ಲೂ ‘ಕೊಟ್ಟದ್ದು’ ಎಂದೊಡನೆ ಕೊಟ್ಟವರು ಯಾರು, ಕೊಡುವ ಹಕ್ಕು ಅವರಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ದತ್ತು ಪದದ ಬಾಳು ಪೂರ್ತಿ ಆ ಪ್ರಶ್ನೆಯ ಸುತ್ತ ಸುತ್ತಿದೆ.

ಧರ್ಮಶಾಸ್ತ್ರಕಾರರು ಹನ್ನೆರಡು ಬಗೆಯ ಮಕ್ಕಳನ್ನು ಎಣಿಸಿದರು. ಹೆತ್ತ ಮಗ ಔರಸ, ತಾಯಿತಂದೆ ಕೊಟ್ಟವನು ದತ್ತಕ, ಕೊಂಡವನು ಕ್ರೀತ, ಬಿಸುಟ ಮೇಲೆ ಎತ್ತಿಕೊಂಡವನು ಅಪವಿದ್ಧ, ಕನ್ಯೆಗೆ ಹುಟ್ಟಿದವನು ಕಾನೀನ, ತನ್ನನ್ನು ತಾನೇ ಒಪ್ಪಿಸಿಕೊಂಡವನು ಸ್ವಯಂದತ್ತ. ಕುಂತಿಯ ಕಡೆಯಿಂದ ನೋಡಿದರೆ ಕರ್ಣ ಕಾನೀನ, ರಾಧೆಯ ಕಡೆಯಿಂದ ಅಪವಿದ್ಧ. ಅವನು ದತ್ತಕನಂತೂ ಅಲ್ಲ, ಏಕೆಂದರೆ ಅವನನ್ನು ಯಾರೂ ಯಾರಿಗೂ ಕೊಡಲಿಲ್ಲ. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಕೊಡುವುದಕ್ಕೂ ಮಿತಿ ಹಾಕಿದ: ಆಪತ್ತಿಲ್ಲದೆ ಕೊಡಬಾರದು, ಒಬ್ಬನೇ ಮಗನನ್ನು ಕೊಡಬಾರದು, ಹಿರಿಯನನ್ನು ಕೊಡಬಾರದು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಈ ಗ್ರಂಥವೇ ಮುಂದೆ ಭಾರತದ ಬಹುಪಾಲು ಹಿಂದೂ ಮನೆಗಳ ಆಸ್ತಿ ಹಂಚಿಕೆಗೆ ಆಧಾರವಾಯಿತು. ಹನ್ನೆರಡು ಬಗೆಯ ಮಕ್ಕಳಲ್ಲಿ ಕಲಿಯುಗಕ್ಕೆ ಔರಸ, ದತ್ತಕ ಇಬ್ಬರೇ ಸಾಕೆಂದು ನಿಬಂಧಕಾರರು ತೀರ್ಮಾನಿಸಿದರು. ಎತ್ತಿಕೊಂಡ ಮಗು ಶಾಸ್ತ್ರದಿಂದ ಹೊರಗಾಯಿತು.

ಕಂಪನಿ ಸರ್ಕಾರ ಬಂದ ಮೇಲೆ ಕೊಡುವವರು, ಪಡೆಯುವವರ ನಡುವೆ ಮೂರನೆಯವರು ಹೊಕ್ಕರು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನ ಸಾವಿನ ಹಿಂದೆಯೇ ದತ್ತಕದ ತಕರಾರು ಎದ್ದಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆ ಸೇರಿದಳು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬರುವುದಕ್ಕೆ ಇನ್ನೂ 23 ವರ್ಷವಿತ್ತು. ಆಮೇಲೆ ಅವನು ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ ನಿಯಮವನ್ನು ನಮ್ಮ ಶಾಲಾ ಪುಸ್ತಕಗಳು ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ಎಂದು ಕರೆದವು. ಎಷ್ಟೋ ಕನ್ನಡ ಮಕ್ಕಳು ದತ್ತು ಎಂಬ ಪದವನ್ನು ಮೊದಲು ಓದಿದ್ದೇ ‘ಹಕ್ಕಿಲ್ಲ’ ಎಂಬ ಪದದ ಜೊತೆಗೆ. ನರಗುಂದದ ದೊರೆ ಬಾಬಾಸಾಹೇಬನಿಗೂ ದತ್ತಕದ ಅಪ್ಪಣೆ ಸಿಗಲಿಲ್ಲ. 1858ರಲ್ಲಿ ದಂಗೆ ಎದ್ದ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ದಂಗೆಯ ಬಿಸಿ ತಟ್ಟಿದ ಮೇಲೆ ಬ್ರಿಟಿಷರು ರಾಗ ಬದಲಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಮೈಸೂರು ಉಳಿಯುವುದೋ ಮುಳುಗುವುದೋ ಎಂಬುದು ಆ ಕೂಸಿನ ಮೇಲೆ ನಿಂತಿತ್ತು. ಲಂಡನ್ 1867ರಲ್ಲಿ ಒಪ್ಪಿತು, 1881ರಲ್ಲಿ ರಾಜ್ಯವನ್ನು ಹಿಂದಿರುಗಿಸಿತು. ಕಿತ್ತೂರಿನಲ್ಲಿ ನಡೆಯದ್ದು ಮೈಸೂರಿನಲ್ಲಿ ನಡೆಯಿತು. ಶಾಸ್ತ್ರ ಎರಡು ಕಡೆಯೂ ಅದೇ ಇತ್ತು, ಆಳುವವರ ಅನುಕೂಲ ಬೇರೆಯಾಗಿತ್ತು.

ಅರಮನೆಯ ಹೊರಗೂ ಇಂಥದ್ದೇ ಗೊಂದಲ. ಮುಂಬಯಿ ಪ್ರಾಂತದ ಧಾರವಾಡದಲ್ಲಿ ವಿಧವೆ ಸಾಮಾನ್ಯವಾಗಿ ಗಂಡನ ಅಪ್ಪಣೆಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದಿತ್ತು. ಮದ್ರಾಸ್ ಪ್ರಾಂತದ ಬಳ್ಳಾರಿಯಲ್ಲಿ ಗಂಡನ ಅಪ್ಪಣೆ ಇರಬೇಕಿತ್ತು, ಇಲ್ಲವೇ ಸಪಿಂಡರು, ಅಂದರೆ ಅವನ ಹತ್ತಿರದ ದಾಯಾದಿಗಳು, ಒಪ್ಪಬೇಕಿತ್ತು. ತುಂಗಭದ್ರೆಯ ಆಚೆಗೊಂದು ದತ್ತಕ, ಈಚೆಗೊಂದು ದತ್ತಕ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಭೇದಗಳನ್ನು ಅಳಿಸಿತು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದಿತು. ದತ್ತಹೋಮ ಕಡ್ಡಾಯವಲ್ಲ, ಆದರೆ ಕೈಯಿಂದ ಕೈಗೆ ಕೊಡುವುದು, ತೆಗೆದುಕೊಳ್ಳುವುದು ನಡೆಯಲೇಬೇಕು ಎಂದಿತು. ದುಡ್ಡು ಕೊಟ್ಟು ಪಡೆಯುವುದನ್ನು ಅಪರಾಧವಾಗಿಸಿತು, ಹಳೆಯ ಕ್ರೀತಪುತ್ರನಿಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಗಂಡನಿದ್ದ ಹೆಂಗಸು ತನ್ನ ಹೆಸರಿನಲ್ಲಿ ದತ್ತು ಪಡೆಯಲು ಮಾತ್ರ 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಈ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗಷ್ಟೆ. ಮುಸ್ಲಿಮರು, ಕ್ರೈಸ್ತರು, ಪಾರಸಿಗಳು 1890ರ ಪಾಲಕತ್ವ ಕಾಯ್ದೆಯಡಿ ಮಗುವಿನ ಪಾಲಕರಾಗಬಹುದಿತ್ತು, ತಾಯಿತಂದೆ ಆಗುವಂತಿರಲಿಲ್ಲ. ಎಲ್ಲರಿಗೂ ಒಂದೇ ದತ್ತು ಕಾನೂನು ತರಲು 1972ರಲ್ಲಿ ಮಂಡಿಸಿದ ಮಸೂದೆಯನ್ನು ಮುಸ್ಲಿಂ ಮುಖಂಡರ ವಿರೋಧದ ನಡುವೆ 1978ರಲ್ಲಿ ಹಿಂತೆಗೆದುಕೊಂಡರು. ಮುಸ್ಲಿಮರನ್ನು ಬಿಟ್ಟು 1980ರಲ್ಲಿ ಇನ್ನೊಂದನ್ನು ತಂದರೆ ಪಾರಸಿಗಳಿಂದ ತಕರಾರು ಬಂತು, ಅದೂ ಕಾನೂನಾಗಲಿಲ್ಲ. ಮತದ ಗುರುತು, ಮತಗಳ ಲೆಕ್ಕ ಎರಡೂ ಸೇರಿ ನಡೆಸಿದ ಈ ವಾದದಲ್ಲಿ ಅನಾಥಾಲಯದ ಮಗುವಿನ ಪರ ಮಾತಾಡಿದವರು ಕಡಿಮೆ.

ತಿರುವು ಬಂದದ್ದು ನ್ಯಾಯಾಲಯದಿಂದ. ವಿದೇಶಕ್ಕೆ ದತ್ತು ಹೋಗುತ್ತಿದ್ದ ಮಕ್ಕಳ ಪಾಡಿನ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮಗಳನ್ನು ಹಾಕಿಕೊಟ್ಟಿತು. ಅದರ ಫಲವೇ ಇಂದಿನ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ಕರೆಯುವ ‘ಕಾರಾ’. 2000ದ ಬಾಲನ್ಯಾಯ ಕಾಯ್ದೆ ದತ್ತುವನ್ನು ಧರ್ಮದಿಂದ ಬಿಡಿಸಿತು. ಯಾವ ಧರ್ಮದವರೂ ಅದರಡಿ ದತ್ತು ಪಡೆಯಬಹುದೆಂದು 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಇಲ್ಲಿ ‘ಕೊಟ್ಟವರು ಯಾರು’ ಎಂಬುದಕ್ಕೆ ಹೊಸ ಉತ್ತರ ಹುಟ್ಟಿತು. ಬೇಡವಾದ ಕೂಸುಗಳಿಗೆಂದು ಇಟ್ಟ ‘ಮಮತೆಯ ತೊಟ್ಟಿಲ’ಲ್ಲಿ ಬಿಟ್ಟುಹೋದ ಕೂಸನ್ನು ಕೊಡಲು ತಾಯಿತಂದೆ ಇಲ್ಲ. ಹೆತ್ತವರನ್ನು ಹುಡುಕಿ, ಸಿಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿ ಆ ಮಗು ದತ್ತುವಿಗೆ ಮುಕ್ತವೆಂದು ಘೋಷಿಸುತ್ತದೆ. ಹೆತ್ತವರೇ ಬಂದು ಒಪ್ಪಿಸಿದರೆ ಮನಸ್ಸು ಬದಲಿಸಲು ಅವರಿಗೆ 60 ದಿನ ಕೊಡುತ್ತಾರೆ. ದತ್ತು ಆದೇಶಕ್ಕೆ ಮೊದಲು ನ್ಯಾಯಾಧೀಶರ ಸಹಿ ಬೇಕಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರಿನಲ್ಲಿ ಜಾರಿಯಾದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿಯದು. ಕಿತ್ತೂರಿನ ದತ್ತಕವನ್ನು ತಳ್ಳಿಹಾಕಿದವನೂ ಕಲೆಕ್ಟರೇ ಆಗಿದ್ದ, ಈಗ ದತ್ತು ಆದೇಶ ಹೊರಡುವುದೂ ಅದೇ ಹುದ್ದೆಯಿಂದ. ಅಪವಿದ್ಧ ಮಗು ಮತ್ತೆ ಕಾನೂನಿನೊಳಗೆ ಬಂತು, ಸರ್ಕಾರ ಅದರ ತಾಯಿತಂದೆಯ ಜಾಗದಲ್ಲಿ ನಿಂತು ಕೊಡತೊಡಗಿತು.

ಕೊಡುವವರಿಗೆ ಬೇಡವೆನ್ನುವ ಅಧಿಕಾರವೂ ಇರುತ್ತದೆ. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡಬಾರದೆಂದು ಕಾಯ್ದೆ ಹೇಳುತ್ತದೆ. ಮದುವೆಯಾಗದ ಜೋಡಿ ಜಂಟಿಯಾಗಿ ಪಡೆಯುವಂತಿಲ್ಲ ಎಂಬ ಕಾರಾ ನಿಯಮವನ್ನು 2023ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ.

ಇಷ್ಟು ದಿನ ದತ್ತುವಿನ ನೆರಳಲ್ಲಿ ಬಾಳಿದ ಅಚ್ಚಗನ್ನಡ ಪದ ‘ಸಾಕು’. ಸಾಕುಮಗ, ಸಾಕುತಾಯಿ ಎಂಬಲ್ಲಿ ಕೊಟ್ಟವರ ಸುದ್ದಿಯಿಲ್ಲ, ಉಣಿಸಿ ಬೆಳೆಸಿದವರ ಸುದ್ದಿಯಷ್ಟೆ. ಕಡತದಲ್ಲಿ ಇದರ ಹೆಸರು ಪೋಷಕತ್ವ. ಸರ್ಕಾರ ಮಗುವನ್ನು ಒಂದು ಮನೆಯಲ್ಲಿ ಇರಿಸುತ್ತದೆ, ಖರ್ಚಿಗೆ ನೆರವು ಕೊಡುತ್ತದೆ, ಬೇಕೆಂದರೆ ವಾಪಸ್ಸು ಕರೆಯುತ್ತದೆ. ಆ ಮನೆಯ ಆಸ್ತಿಯಲ್ಲಿ ಮಗುವಿಗೆ ಪಾಲಿಲ್ಲ. ಸಾಕಿದ್ದು ಎಷ್ಟೇ ವರ್ಷವಾದರೂ ದತ್ತಕಪತ್ರ ಇಲ್ಲದವನನ್ನು ಅಣ್ಣತಮ್ಮಂದಿರು ಹೊರಗೆ ಹಾಕಿದ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

2024ರ ಮಾದರಿ ಪೋಷಕತ್ವ ಮಾರ್ಗಸೂಚಿ ಈ ಎರಡು ಪದಗಳ ನಡುವೆ ಹಾದಿ ತೆರೆಯಿತು. ಒಂಟಿಯಾಗಿರುವವರೂ ಪೋಷಕರಾಗಬಹುದು. ಎರಡು ವರ್ಷ ಸಾಕಿದವರು ಆ ಮಗುವನ್ನು ದತ್ತು ಕೇಳಬಹುದು. ಮೊದಲು ಐದು ವರ್ಷ ಬೇಕಿತ್ತು. ಕೊಟ್ಟ ಮೇಲೆ ಸಾಕುವುದು ಶಾಸ್ತ್ರದ ಕ್ರಮವಾಗಿತ್ತು. ಈಗ ಸಾಕಿದ್ದೇ ಕೊಡುವುದಕ್ಕೆ ಕಾರಣವಾಗಬಲ್ಲದು. ಮಗುವಿನ ವಯಸ್ಸು, ತಿಳುವಳಿಕೆ ನೋಡಿ ಅದರ ಇಷ್ಟವನ್ನೂ ಪರಿಗಣಿಸಬೇಕೆಂದು ಬಾಲನ್ಯಾಯ ಕಾಯ್ದೆ ಹೇಳಿರುವುದರಿಂದ, ಎರಡು ವರ್ಷ ಒಂದು ಮನೆಯ ಅನ್ನ ಉಂಡ ಮಗುವಿಗೆ ಆ ಮನೆ ಬೇಕೋ ಬೇಡವೋ ಹೇಳಲು ಬರುತ್ತದೆ. ಆ ಮಾತನ್ನು ಅಧಿಕಾರಿ ಕೇಳಿ ಬರೆದುಕೊಂಡರೆ ‘ದತ್ತ’ ಎಂಬ ಕರ್ಮಣಿ ಪದಕ್ಕೆ ಕೊನೆಗೂ ಕರ್ತೃವೊಬ್ಬ ಸಿಕ್ಕಂತೆ. ಕೇಳದೆ ಸಹಿ ಹಾಕಿದರೆ, ಕೊಡುವವರ ಕುರ್ಚಿ ಬದಲಾಗಿದೆ ಅಷ್ಟೆ.